ಕೆಮಿಸ್ಟ್ರಿ ಪಿಎಚ್‌ಡಿ ಸೇರ್ತೀರಾ? ಮೊದಲು ಗೈಡ್ ಬಗ್ಗೆ ಯೋಚಿಸಿ

ಎಂಎಸ್ಸಿ ಕೊನೆ ಸೆಮಿಸ್ಟರ್‌ನಲ್ಲಿರುವವರು ಕೇಳುವ ಮೊದಲ ಪ್ರಶ್ನೆ ಸಾಮಾನ್ಯವಾಗಿ ಹೀಗಿರುತ್ತದೆ: ಈಗ ಯಾವ ಟಾಪಿಕ್‌ಗೆ ಡಿಮ್ಯಾಂಡ್ ಇದೆ? ಬ್ಯಾಟರಿನಾ, ಕ್ಯಾಟಲಿಸಿಸ್ಸಾ, ಸೋಲಾರ್ ಸೆಲ್ಲಾ? ಎರಡನೇ ಪ್ರಶ್ನೆ, ಯಾವ ಇನ್‌ಸ್ಟಿಟ್ಯೂಟ್‌ಗೆ ಹೆಸರು ಜಾಸ್ತಿ? ಯಾರ ಹತ್ತಿರ ಕಲಿಯಬೇಕು ಅನ್ನುವ ಪ್ರಶ್ನೆ ಬರುವುದೇ ಕಡಿಮೆ, ಬಂದರೂ ಸೀಟು ಸಿಕ್ಕ ಮೇಲೆ ಬರುತ್ತದೆ. ನನ್ನ ಪ್ರಕಾರ ಅದೇ ಮೊದಲು ಬರಬೇಕು. ಟಾಪಿಕ್ ಎರಡನೇ ವರ್ಷದಲ್ಲಿ ಬದಲಾಗಬಹುದು, ಎಷ್ಟೋ ಜನರದ್ದು ಬದಲಾಗುತ್ತದೆ. ಗೈಡ್ ಮಾತ್ರ ಐದು ವರ್ಷವೂ ಅವರೇ. ಆಮೇಲೆ ಕೆಲಸಕ್ಕೆ ಅರ್ಜಿ ಹಾಕುವಾಗಲೂ ಅವರ ಪತ್ರವೇ ಬೇಕು.

ಇದನ್ನು ಬೆಂಗಳೂರಿನಲ್ಲಿ ಪಿಎಚ್‌ಡಿ ಮಾಡಲು ಹೊರಟವರನ್ನು, ಅದರಲ್ಲೂ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವರಲ್ಲಿ ತಾನೇ ಮೊದಲಿಗ ಅನ್ನುವಂಥವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ. ಅವರಿಗೆ ಇದನ್ನೆಲ್ಲ ಹೇಳುವ ಅಣ್ಣನೋ ಅಕ್ಕನೋ ಮನೆಯಲ್ಲಿ ಇರುವುದಿಲ್ಲ.

ಒಳಗೆ ಹೋಗುವ ದಾರಿ

ಈ ಭಾಗ ಬೇಗ ಮುಗಿಸುತ್ತೇನೆ, ಯಾಕಂದ್ರೆ ಇದರ ಬಗ್ಗೆ ಮಾಹಿತಿ ಎಲ್ಲೆಡೆ ಸಿಗುತ್ತದೆ. ಸಿಎಸ್‌ಐಆರ್-ಯುಜಿಸಿ ನೆಟ್‌ನಲ್ಲಿ ಕೆಮಿಕಲ್ ಸೈನ್ಸಸ್ ಪೇಪರ್ ಬರೆದು ಜೆಆರ್‌ಎಫ್, ಅಂದರೆ ಜೂನಿಯರ್ ರಿಸರ್ಚ್ ಫೆಲೋಶಿಪ್ ತಗೊಳ್ಳುವುದು ಒಂದು ದಾರಿ, ಗೇಟ್ ಪರೀಕ್ಷೆ ಇನ್ನೊಂದು. ಬಿಎಸ್ಸಿ ಮುಗಿಸಿ ನೇರವಾಗಿ ಇಂಟಿಗ್ರೇಟೆಡ್ ಪಿಎಚ್‌ಡಿಗೆ ಹೋಗುವವರು ಜ್ಯಾಮ್ ಅನ್ನುವ ಪ್ರವೇಶ ಪರೀಕ್ಷೆ ಬರೆಯಬೇಕು. ಜೆಆರ್‌ಎಫ್ ಇದ್ದರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000. ಇದು 2023ರ ಜನವರಿಯಿಂದ ಜಾರಿಯಾದ ಲೆಕ್ಕ, ಹಾಸ್ಟೆಲ್ ಸಿಗದವರಿಗೆ ಮನೆ ಬಾಡಿಗೆ ಭತ್ಯೆ (ಎಚ್‌ಆರ್‌ಎ) ಬೇರೆ. ಆದರೆ ಈ ದುಡ್ಡು ತಿಂಗಳು ತಿಂಗಳು ಸರಿಯಾಗಿ ಬರುತ್ತದೆ ಅಂತ ನಂಬಿಕೊಂಡು ಮತ್ತೀಕೆರೆಯಲ್ಲೋ ಯಶವಂತಪುರದಲ್ಲೋ ರೂಮ್ ಮಾಡಬೇಡಿ. ಶುರುವಿನಲ್ಲಿ ಕಾಗದಪತ್ರ ಓಡಾಡುವಷ್ಟರಲ್ಲಿ ತಿಂಗಳುಗಳೇ ಕಳೆಯಬಹುದು. ಮೂರ್ನಾಲ್ಕು ತಿಂಗಳ ಖರ್ಚು ಕೈಯಲ್ಲಿರಲಿ.

ಬೆಂಗಳೂರಿನಲ್ಲಿ ಜಾಗಗಳಿಗೆ ಕೊರತೆ ಇಲ್ಲ. 1909ರಲ್ಲಿ ಶುರುವಾದ ಐಐಎಸ್‌ಸಿಯನ್ನು ಹಳೇ ಬೆಂಗಳೂರಿನವರು ಇವತ್ತಿಗೂ ಟಾಟಾ ಇನ್‌ಸ್ಟಿಟ್ಯೂಟ್ ಅಂತಲೇ ಕರೆಯುತ್ತಾರೆ. ಅಲ್ಲಿ ಕೆಮಿಸ್ಟ್ರಿ ಅಂದರೆ ಒಂದೇ ಡಿಪಾರ್ಟ್‌ಮೆಂಟ್ ಅಲ್ಲ, ಆರ್ಗ್ಯಾನಿಕ್ ಬೇರೆ, ಇನಾರ್ಗ್ಯಾನಿಕ್ ಅಂಡ್ ಫಿಸಿಕಲ್ ಬೇರೆ, ಸಿ.ಎನ್.ಆರ್. ರಾವ್ ಕಟ್ಟಿದ ಸಾಲಿಡ್ ಸ್ಟೇಟ್ ಘಟಕ ಬೇರೆ. ಅರ್ಜಿ ತುಂಬುವ ಮುಂಚೆ ನಿಮಗೆ ಇಷ್ಟವಾದವರು ಯಾವುದರಲ್ಲಿದ್ದಾರೆ ನೋಡಿಕೊಳ್ಳಿ. ಜಕ್ಕೂರಿನಲ್ಲಿ 1989ರಲ್ಲಿ ಶುರುವಾದ ಜವಾಹರಲಾಲ್ ನೆಹರೂ ಸೆಂಟರ್ ಇದೆ. ಲಿಕ್ವಿಡ್ ಕ್ರಿಸ್ಟಲ್, ಸಾಫ್ಟ್ ಮ್ಯಾಟರ್ ಇಷ್ಟ ಇದ್ದರೆ ರಾಮನ್ ಇನ್‌ಸ್ಟಿಟ್ಯೂಟ್ ಮತ್ತು ಸೆನ್ಸ್ (ಸೆಂಟರ್ ಫಾರ್ ನ್ಯಾನೋ ಅಂಡ್ ಸಾಫ್ಟ್ ಮ್ಯಾಟರ್ ಸೈನ್ಸಸ್) ಇವೆ. ಜ್ಞಾನಭಾರತಿಯ ಬೆಂಗಳೂರು ಯೂನಿವರ್ಸಿಟಿ ಇದೆ, ಖಾಸಗಿ ಯೂನಿವರ್ಸಿಟಿಗಳಿವೆ. ಬೊಮ್ಮಸಂದ್ರ, ಜಿಗಣಿ ಕಡೆ ಫಾರ್ಮಾ ಕಂಪನಿಯಲ್ಲಿ ಕೆಲಸದಲ್ಲಿರುವವರು ಪಾರ್ಟ್‌ಟೈಮ್ ಮಾಡಬಹುದು, ಯುಜಿಸಿಯ 2022ರ ನಿಯಮದಲ್ಲಿ ಅದಕ್ಕೆ ಅವಕಾಶ ಇದೆ, ಕಂಪನಿಯಿಂದ ಅಭ್ಯಂತರ ಇಲ್ಲ ಅನ್ನುವ ಪತ್ರ (ಎನ್‌ಒಸಿ) ಬೇಕು ಅಷ್ಟೆ.

ಇಂಟರ್‌ವ್ಯೂ ಬಗ್ಗೆ ಒಂದೇ ಮಾತು. ನಿಮ್ಮ ಎಂಎಸ್ಸಿ ಪ್ರಾಜೆಕ್ಟನ್ನು ಬುಡಸಮೇತ ತಿಳಿದುಕೊಂಡು ಹೋಗಿ. ಆ ಸಾಲ್ವೆಂಟ್ ಯಾಕೆ ಹಾಕಿದಿರಿ, ಈ ಪೀಕ್ ಯಾಕೆ ಇಲ್ಲಿ ಬಂತು, ಟೆಂಪರೇಚರ್ ಯಾಕೆ ಅಷ್ಟೇ ಇಟ್ಟಿರಿ ಅಂತ ಕೇಳಿದಾಗ "ಮೇಡಂ ಹೇಳಿದ್ರು" ಅನ್ನುವ ಉತ್ತರ ಬಂದರೆ ಅಲ್ಲಿಗೆ ಮುಗಿಯಿತು.

ಗೈಡ್ ಹುಡುಕುವುದು

ಕೆಲವು ಕಡೆ ಸೇರಿದ ಮೇಲೆ ಒಂದಷ್ಟು ಪ್ರೊಫೆಸರ್‌ಗಳನ್ನು ಭೇಟಿ ಮಾಡಿ ಆರಿಸಿಕೊಳ್ಳಲು ಸಮಯ ಕೊಡುತ್ತಾರೆ. ಕೆಲವು ಕಡೆ ಗೈಡ್ ಒಪ್ಪಿದರೆ ಮಾತ್ರ ಸೀಟು. ಯಾವುದೇ ಆದರೂ ಹುಡುಕಾಟ ಅರ್ಜಿ ಹಾಕುವ ಆರು ತಿಂಗಳ ಮುಂಚೆಯೇ ಶುರುವಾಗಲಿ. ಎಂಎಸ್ಸಿ ಓದುವಾಗಲೇ ಒಂದು ಬೇಸಿಗೆಯನ್ನು ಯಾವುದಾದರೂ ಲ್ಯಾಬಿನಲ್ಲಿ ಕಳೆಯಲು ಆದರೆ ಅದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಸದಾಶಿವನಗರದಲ್ಲಿರುವ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್ ಇನ್ನೆರಡು ಅಕಾಡೆಮಿಗಳ ಜೊತೆ ಸೇರಿ ಸಮ್ಮರ್ ಫೆಲೋಶಿಪ್ ಕೊಡುತ್ತದೆ. ಜಕ್ಕೂರಿನವರೂ ಕೊಡುತ್ತಾರೆ. ಅರ್ಜಿ ಕರೆಯುವುದು ಹಿಂದಿನ ವರ್ಷದ ಕೊನೆಯ ತಿಂಗಳುಗಳಲ್ಲಿ, ಬೇಸಿಗೆ ಬಂದ ಮೇಲೆ ಕೇಳಿದರೆ ಉಪಯೋಗ ಇಲ್ಲ.

ಮೇಲ್ ಬರೆಯುವಾಗ "ರೆಸ್ಪೆಕ್ಟೆಡ್ ಸರ್, ಐ ಆಮ್ ಹೈಲಿ ಇಂಟರೆಸ್ಟೆಡ್ ಇನ್ ಯುವರ್ ಎಸ್ಟೀಮ್ಡ್ ಲ್ಯಾಬ್" ಅಂತ ಐವತ್ತು ಜನಕ್ಕೆ ಒಂದೇ ಮೇಲ್ ಕಳಿಸಬೇಡಿ. ಓದುವವರಿಗೆ ಮೊದಲ ಸಾಲಿನಲ್ಲೇ ಗೊತ್ತಾಗುತ್ತದೆ. ಅವರ ಒಂದು ಪೇಪರ್ ಓದಿ. ಪೂರ್ತಿ ಅರ್ಥವಾಗದಿದ್ದರೂ ಪರವಾಗಿಲ್ಲ, ಒಂದು ಕಡೆ ನಿಮಗೆ ನಿಜವಾಗಿ ಪ್ರಶ್ನೆ ಹುಟ್ಟಿರುತ್ತದೆ ಅಲ್ವಾ, ಅದನ್ನು ಎರಡು ಸಾಲಿನಲ್ಲಿ ಕೇಳಿ. ನಿಮಗೆ ಕೈಯಾರೆ ಏನೇನು ಮಾಡಿ ಗೊತ್ತು ಅಂತ ಎರಡು ಸಾಲು ಬರೆಯಿರಿ. ಸಿವಿ ಲಗತ್ತಿಸಿ. ಹತ್ತು ದಿನ ಉತ್ತರ ಬರದಿದ್ದರೆ ಇನ್ನೊಮ್ಮೆ ಕಳಿಸಿ, ಅದಕ್ಕೂ ಬರದಿದ್ದರೆ ಬಿಟ್ಟುಬಿಡಿ.

ಆಮೇಲೆ ಒಂದು ಕೆಲಸ ಮಾಡಿ. ಪಿಎಚ್‌ಡಿ ಥೀಸಿಸ್‌ಗಳನ್ನು ಇಟ್ಟಿರುವ ಶೋಧಗಂಗಾ ವೆಬ್‌ಸೈಟ್‌ನಲ್ಲೋ ಆಯಾ ಇನ್‌ಸ್ಟಿಟ್ಯೂಟ್‌ನ ಲೈಬ್ರರಿ ವೆಬ್‌ಸೈಟ್‌ನಲ್ಲೋ ಆ ಲ್ಯಾಬಿನಿಂದ ಬಂದಿರುವ ಹಳೇ ಥೀಸಿಸ್‌ಗಳನ್ನು ತೆಗೆದು ಕೃತಜ್ಞತೆಯ ಪುಟ ಓದಿ. ಗೈಡ್‌ಗೆ ಎಲ್ಲರೂ ಥ್ಯಾಂಕ್ಸ್ ಹೇಳುತ್ತಾರೆ, ಅದು ಇದ್ದದ್ದೇ. ಅದರ ನಂತರ ನೋಡಿ. "ಕಾಲಮ್ ಹಾಕುವುದನ್ನು ಕಲಿಸಿದ್ದು ಇಂಥವರು, ಕ್ರಿಸ್ಟಲ್ ಬೆಳೆಸಲು ಹೇಳಿಕೊಟ್ಟಿದ್ದು ಇಂಥವರು" ಅಂತ ಸೀನಿಯರ್‌ಗಳ ಹೆಸರು ಒಂದೊಂದಾಗಿ ಬರುತ್ತಿದ್ದರೆ, ಆ ಹೆಸರುಗಳು ಮುಂದಿನ ಥೀಸಿಸ್‌ನಲ್ಲೂ ಸರಪಳಿಯಂತೆ ಮುಂದುವರಿದಿದ್ದರೆ, ಅಲ್ಲಿ ಒಬ್ಬರು ಇನ್ನೊಬ್ಬರಿಗೆ ಕಲಿಸುವ ಅಭ್ಯಾಸ ಇದೆ ಅಂತ ಅರ್ಥ. ಪೇಪರ್‌ಗಳ ಪಟ್ಟಿಯಲ್ಲಿ ಇದು ಕಾಣುವುದಿಲ್ಲ.

ನಂತರ ಆ ಲ್ಯಾಬಿನ ಹುಡುಗರ ಜೊತೆ ಮಾತಾಡಿ. ಲ್ಯಾಬ್ ಒಳಗೆ ಬೇಡ, ಹೊರಗೆ ಚಹಾ ಕುಡಿಯುತ್ತಾ ಮಾತಾಡಿ. "ಸರ್ ಹೇಗೆ?" ಅಂತ ಕೇಳಿದರೆ "ಒಳ್ಳೆಯವರು" ಅಂತಾರೆ, ಮಾತು ಅಲ್ಲಿಗೆ ನಿಲ್ಲುತ್ತದೆ. ಕೇಳುವ ಪ್ರಶ್ನೆ ಬೇರೆ ಇರಲಿ. ಇತ್ತೀಚೆಗೆ ಪಿಎಚ್‌ಡಿ ಮುಗಿಸಿದ ಮೂವರಿಗೆ ಎಷ್ಟು ವರ್ಷ ಹಿಡಿಯಿತು? ಮಧ್ಯದಲ್ಲಿ ಬಿಟ್ಟು ಹೋದವರಿದ್ದಾರಾ, ಯಾಕೆ ಬಿಟ್ಟರು? ಪೇಪರ್ ಡ್ರಾಫ್ಟ್ ಕೊಟ್ಟರೆ ವಾಪಸ್ ಬರಲು ಎಷ್ಟು ದಿನ? ಮೊದಲ ಹೆಸರು ಯಾರದ್ದು ಅಂತ ಯಾವಾಗ ತೀರ್ಮಾನ ಆಗುತ್ತದೆ? ಅಕ್ಕನ ಮದುವೆಗೆ ಊರಿಗೆ ಹೋಗಬೇಕು ಅಂದರೆ ಮುಖ ಗಂಟಿಕ್ಕುತ್ತಾರಾ? ಉತ್ತರಕ್ಕಿಂತ, ಉತ್ತರ ಕೊಡುವ ಮುಂಚೆ ಅವರು ಎಷ್ಟು ಹೊತ್ತು ಯೋಚಿಸುತ್ತಾರೆ ಅನ್ನುವುದನ್ನೂ ಗಮನಿಸಿ.

ಹೊಸದಾಗಿ ಸೇರಿದ ಅಸಿಸ್ಟೆಂಟ್ ಪ್ರೊಫೆಸರ್ ಒಳ್ಳೆಯವರಾ, ಹೆಸರು ಮಾಡಿದ ದೊಡ್ಡ ಪ್ರೊಫೆಸರ್ ಒಳ್ಳೆಯವರಾ? ಇದಕ್ಕೆ ಒಂದೇ ಉತ್ತರ ಇಲ್ಲ, ಆದರೂ ನನ್ನ ಒಲವು ಹೇಳುತ್ತೇನೆ. ಹೊಸಬರು ಫ್ಯೂಮ್ ಹುಡ್ (ಹೊಗೆ, ಆವಿ ಹೊರಗೆ ಎಳೆಯುವ ಕಪಾಟು) ಮುಂದೆ ನಿಮ್ಮ ಪಕ್ಕದಲ್ಲೇ ನಿಂತು ಕಲಿಸುತ್ತಾರೆ. ಲ್ಯಾಬ್ ಖಾಲಿ ಇರುತ್ತದೆ, ಉಪಕರಣ ಬರಲು ವರ್ಷ ಹಿಡಿಯಬಹುದು, ಪೇಪರ್‌ಗೆ ಅವರಿಗೂ ಅವಸರ ಇರುತ್ತದೆ. ದೊಡ್ಡವರ ಹತ್ತಿರ ದುಡ್ಡು, ಉಪಕರಣ, ಹೆಸರು ಎಲ್ಲ ಇರುತ್ತದೆ, ಅವರು ಮಾತ್ರ ತಿಂಗಳಿಗೊಮ್ಮೆ ಸಿಗಬಹುದು. ಆಗ ನಿಜವಾಗಿ ಕಲಿಸುವವರು ಅಲ್ಲಿನ ಪೋಸ್ಟ್‌ಡಾಕ್‌ಗಳು (ಪಿಎಚ್‌ಡಿ ಮುಗಿಸಿ ರಿಸರ್ಚ್ ಮುಂದುವರಿಸುವವರು) ಮತ್ತು ಸೀನಿಯರ್‌ಗಳು. ಎಂಎಸ್ಸಿಯಲ್ಲಿ ಲ್ಯಾಬ್ ಕೆಲಸ ಜಾಸ್ತಿ ಮಾಡಿ ಬಂದವರು ಎಲ್ಲಿಗೆ ಹೋದರೂ ನಿಭಾಯಿಸುತ್ತಾರೆ. ಉಪಕರಣವನ್ನು ದೂರದಿಂದ ನೋಡಿಯೇ ಎಂಎಸ್ಸಿ ಮುಗಿಸಿದವರು, ನಮ್ಮಲ್ಲಿ ಅಂಥವರೇ ಹೆಚ್ಚು, ಅದು ಅವರ ತಪ್ಪೂ ಅಲ್ಲ, ದಿನಾ ಕಣ್ಣಿಗೆ ಬೀಳುವ ಗೈಡ್ ಇರುವ ಕಡೆ ಹೋಗುವುದು ಒಳ್ಳೆಯದು.

ನಿಯಮಗಳೂ ಗೊತ್ತಿರಲಿ. ಯುಜಿಸಿ ಪ್ರಕಾರ ಪ್ರೊಫೆಸರ್ ಒಂದು ಸಲಕ್ಕೆ 8 ಜನಕ್ಕೆ, ಅಸೋಸಿಯೇಟ್ 6 ಜನಕ್ಕೆ, ಅಸಿಸ್ಟೆಂಟ್ 4 ಜನಕ್ಕೆ ಗೈಡ್ ಆಗಬಹುದು. ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಇದ್ದರೆ ಹೊಸಬರನ್ನು ತಗೊಳ್ಳುವ ಹಾಗಿಲ್ಲ. ನಾಲ್ಕು ವರ್ಷ ಇದೆ ಅಂದರೂ ಒಮ್ಮೆ ಯೋಚಿಸಿ, ಕೆಮಿಸ್ಟ್ರಿಯಲ್ಲಿ ನಾಲ್ಕು ವರ್ಷಕ್ಕೆ ಮುಗಿಸುವುದು ಸುಲಭ ಅಲ್ಲ.

ಒಬ್ಬ ಒಳ್ಳೆಯ ಗೈಡ್ ಏನು ಮಾಡಬಹುದು ಅನ್ನುವುದಕ್ಕೆ ಇದೇ ಊರಿನ ಉದಾಹರಣೆ ಇದೆ. 1933ರಲ್ಲಿ ಕಮಲಾ ಸೊಹೋನಿ ಬಾಂಬೆಯಲ್ಲಿ ಬಿಎಸ್ಸಿ ಮುಗಿಸಿ ಟಾಟಾ ಇನ್‌ಸ್ಟಿಟ್ಯೂಟ್‌ಗೆ ಅರ್ಜಿ ಹಾಕಿದಾಗ ಡೈರೆಕ್ಟರ್ ಆಗಿದ್ದ ಸಿ.ವಿ. ರಾಮನ್ ಹುಡುಗಿ ಅನ್ನುವ ಕಾರಣಕ್ಕೇ ಸೀಟು ಕೊಡಲಿಲ್ಲ. ಆಕೆ ಪಟ್ಟು ಬಿಡಲಿಲ್ಲ. ಕೊನೆಗೆ ಷರತ್ತು ಹಾಕಿ ಸೇರಿಸಿಕೊಂಡರು. ಅಲ್ಲಿ ಆಕೆಗೆ ಸಿಕ್ಕ ಗೈಡ್ ಎಂ. ಶ್ರೀನಿವಾಸಯ್ಯ. ಅವರು ಶಿಸ್ತಿನ ಮನುಷ್ಯ, ಆದರೆ ಆಕೆಯ ಬೆನ್ನಿಗೆ ನಿಂತು ಕಲಿಸಿದರು. ಹಾಲು, ಬೇಳೆಕಾಳುಗಳ ಪ್ರೋಟೀನ್ ಮೇಲೆ ಕೆಲಸ ಮಾಡಿದ ಆಕೆ ಅಲ್ಲಿಂದ ಕೇಂಬ್ರಿಡ್ಜ್‌ಗೆ ಹೋಗಿ 1939ರಲ್ಲಿ ಪಿಎಚ್‌ಡಿ ಪಡೆದರು, ವಿಜ್ಞಾನದಲ್ಲಿ ಪಿಎಚ್‌ಡಿ ಪಡೆದ ಮೊದಲ ಭಾರತೀಯ ಮಹಿಳೆ ಆದರು. ಆಕೆಯ ಕೆಲಸ ನೋಡಿದ ಮೇಲೆ ಇನ್‌ಸ್ಟಿಟ್ಯೂಟ್‌ನ ಬಾಗಿಲು ಬೇರೆ ಹುಡುಗಿಯರಿಗೂ ತೆರೆಯಿತು. ಶ್ರೀನಿವಾಸಯ್ಯನವರ ಹೆಸರು ಹೊರಗೆ ಅಷ್ಟಾಗಿ ಯಾರಿಗೂ ಗೊತ್ತಿಲ್ಲ ಅನ್ನುವುದು ನನಗೆ ಬೇಸರದ ವಿಷಯ.

ಮೊದಲ ವರ್ಷ: ಪಕ್ಕದಲ್ಲಿ ನಿಂತು ನೋಡಿ

ಕೋರ್ಸ್‌ವರ್ಕ್ ಕನಿಷ್ಠ 12 ಕ್ರೆಡಿಟ್ ಇರುತ್ತದೆ, ಅದನ್ನು ಓದಿ ಪಾಸ್ ಮಾಡುತ್ತೀರಿ, ಚಿಂತೆ ಇಲ್ಲ. ಕಷ್ಟ ಇರುವುದು ಬೆಂಚಿನ ಮುಂದೆ. ಪೇಪರ್‌ನಲ್ಲಿ "ಕಾಲಮ್ ಕ್ರೊಮ್ಯಾಟೋಗ್ರಫಿಯಿಂದ ಶುದ್ಧೀಕರಿಸಲಾಯಿತು" ಅಂತ ಒಂದೇ ಸಾಲು ಇರುತ್ತದೆ, ಅಂದರೆ ಸಿಲಿಕಾ ತುಂಬಿದ ಗಾಜಿನ ಕೊಳವೆಯಲ್ಲಿ ಸಾಲ್ವೆಂಟ್ ಹರಿಸಿ ಮಿಶ್ರಣವನ್ನು ಬೇರೆ ಬೇರೆ ಮಾಡುವುದು. ಆ ಒಂದು ಸಾಲನ್ನು ಒಬ್ಬ ಪಳಗಿದ ಸೀನಿಯರ್ ಮಾಡುವುದನ್ನು ನಿಂತು ನೋಡಿ.

ಅವರು ಮೊದಲು ಕಾಲಮ್ ಮುಟ್ಟುವುದೇ ಇಲ್ಲ. ಮೂರು ನಾಲ್ಕು ಟಿಎಲ್‌ಸಿ ಪ್ಲೇಟ್ (ಸಿಲಿಕಾ ಲೇಪಿಸಿದ ಸಣ್ಣ ತಗಡು) ಕತ್ತರಿಸಿ ಹೆಕ್ಸೇನ್, ಎಥೈಲ್ ಅಸಿಟೇಟ್ ಅನ್ನುವ ಸಾಲ್ವೆಂಟ್‌ಗಳನ್ನು ಬೇರೆ ಬೇರೆ ಅಳತೆಯಲ್ಲಿ ಬೆರೆಸಿ ಓಡಿಸುತ್ತಾರೆ. ಬೇಕಾದ ಸ್ಪಾಟ್ ಪ್ಲೇಟಿನ ಕೆಳಗಿನ ಮೂರನೇ ಒಂದು ಭಾಗದ ಹತ್ತಿರ ನಿಲ್ಲಬೇಕು, ಪಕ್ಕದ ಸ್ಪಾಟ್‌ಗೂ ಅದಕ್ಕೂ ನಡುವೆ ಜಾಗ ಇರಬೇಕು. ಆಮೇಲೆ ಸಿಲಿಕಾವನ್ನು ಸಾಲ್ವೆಂಟ್‌ನಲ್ಲಿ ಕಲಸಿ ಒಂದೇ ಸಮನೆ ಸುರಿಯುತ್ತಾರೆ, ರಬ್ಬರ್ ಟ್ಯೂಬ್‌ನಿಂದ ಗಾಜನ್ನು ಸುತ್ತಲೂ ಮೆಲ್ಲಗೆ ತಟ್ಟುತ್ತಾರೆ, ಒಳಗಿನ ಗುಳ್ಳೆಗಳು ಮೇಲೆ ಬರಲಿ ಅಂತ. ಮೇಲೆ ಒಂದು ಪದರ ಮರಳು. ಸಾಲ್ವೆಂಟ್ ಮಟ್ಟ ಸಿಲಿಕಾಕ್ಕಿಂತ ಕೆಳಗೆ ಇಳಿಯಲು ಒಂದು ಸಲವೂ ಬಿಡುವುದಿಲ್ಲ, ಫೋನ್ ಬಂದರೂ ನಲ್ಲಿ ಮುಚ್ಚಿಯೇ ಹೋಗುತ್ತಾರೆ. ಟೆಸ್ಟ್‌ಟ್ಯೂಬ್ ಒಂದೊಂದಾಗಿ ತುಂಬುವಾಗ ನಡುನಡುವೆ ಪ್ಲೇಟಿನ ಮೇಲೆ ಚುಕ್ಕೆ ಇಟ್ಟು 254 ನ್ಯಾನೋಮೀಟರ್ ದೀಪದ ಕೆಳಗೆ ನೋಡುತ್ತಾರೆ. ಯಾವ ಟ್ಯೂಬನ್ನು ಯಾವುದರ ಜೊತೆ ಸೇರಿಸಬೇಕು, ಯಾವ ಎರಡು ಟ್ಯೂಬನ್ನು ಆಸೆಪಡದೆ ಬೇರೆ ಇಡಬೇಕು ಅನ್ನುವ ತೀರ್ಮಾನ ಇದೆಯಲ್ಲ, ಅದನ್ನು ಯಾವ ಪುಸ್ತಕವೂ ಹೇಳಿಕೊಡುವುದಿಲ್ಲ.

ಅಣುವಿನ ರಚನೆ ತೋರಿಸುವ ಎನ್‌ಎಂಆರ್ ಗ್ರಾಫ್ ನೋಡುವುದೂ ಹಾಗೆಯೇ. ಹೊಸಬರು 1.26, 2.05, 4.12 ಪಿಪಿಎಂನಲ್ಲಿ ಚೆಂದದ ಪೀಕ್‌ಗಳನ್ನು ಕಂಡು ಪ್ರಾಡಕ್ಟ್ ಬಂತು ಅಂತ ಖುಷಿಪಡುತ್ತಾರೆ. ಸೀನಿಯರ್ ಒಮ್ಮೆ ಕಣ್ಣಾಡಿಸಿ "ಇದು ಉಳಿದುಕೊಂಡ ಸಾಲ್ವೆಂಟ್, ಎಥೈಲ್ ಅಸಿಟೇಟ್, ಇನ್ನೂ ಸ್ವಲ್ಪ ಹೊತ್ತು ವ್ಯಾಕ್ಯೂಮ್‌ಗೆ ಹಾಕು" ಅನ್ನುತ್ತಾರೆ. ಈ ಒಂದು ಮಾತು ನಿಮ್ಮ ಒಂದು ವಾರ ಉಳಿಸುತ್ತದೆ.

ಕೆಲವನ್ನು ಮಾತ್ರ ಯೂಟ್ಯೂಬ್ ನೋಡಿ, ಪೇಪರ್ ಓದಿ, ಒಬ್ಬರೇ ಮಾಡಲೇಬೇಡಿ. ಟರ್ಟ್-ಬ್ಯುಟೈಲ್ ಲಿಥಿಯಂ ಗಾಳಿ ತಾಗಿದರೆ ತಾನಾಗೇ ಹೊತ್ತಿಕೊಳ್ಳುತ್ತದೆ. 2008ರ ಡಿಸೆಂಬರ್ ಕೊನೆಯಲ್ಲಿ ಅಮೆರಿಕದ ಯುಸಿಎಲ್‌ಎಯಲ್ಲಿ 23 ವರ್ಷದ ರಿಸರ್ಚ್ ಅಸಿಸ್ಟೆಂಟ್ ಒಬ್ಬರು ಅದನ್ನು ಸಿರಿಂಜ್‌ನಲ್ಲಿ ಎಳೆಯುವಾಗ ಪ್ಲಂಜರ್ ಕಳಚಿ ಬಂದು ಬಟ್ಟೆಗೆ ಬೆಂಕಿ ಹತ್ತಿತು. ಮೈಮೇಲೆ ಲ್ಯಾಬ್ ಕೋಟ್ ಇರಲಿಲ್ಲ. ಜನವರಿಯಲ್ಲಿ ಅವರು ತೀರಿಕೊಂಡರು. ಪ್ರೊಫೆಸರ್ ಮೇಲೆ ಕ್ರಿಮಿನಲ್ ಕೇಸ್ ನಡೆಯಿತು, ಆಕೆಗೆ ಸರಿಯಾಗಿ ಹೇಳಿಕೊಟ್ಟಿದ್ದರಾ ಅನ್ನುವುದೇ ಅಲ್ಲಿ ದೊಡ್ಡ ಪ್ರಶ್ನೆ ಆಗಿತ್ತು. ಹಾಗಾಗಿ ಗಾಳಿಗೆ ಹೊತ್ತುವಂಥದ್ದು, ಸೋಡಿಯಂ ಹಾಕಿ ಸಾಲ್ವೆಂಟ್ ಒಣಗಿಸುವುದು, ಅಜೈಡ್, ಹೈಡ್ರೋಜನ್ ಸಿಲಿಂಡರ್, ಇವುಗಳನ್ನು ಮೊದಲು ನೋಡಿ, ಆಮೇಲೆ ಅವರು ಪಕ್ಕದಲ್ಲಿ ನಿಂತಿರುವಾಗ ನೀವು ಮಾಡಿ, ಮೂರನೇ ಸಲ ಒಬ್ಬರೇ. ಆಗಲೂ ಲ್ಯಾಬಿನಲ್ಲಿ ಇನ್ನೊಬ್ಬರು ಇರಲೇಬೇಕು. "ಹೇಳಿಕೊಡಿ ಅಂತ ಕೇಳಿದರೆ ದಡ್ಡ ಅಂದ್ಕೋತಾರೆ" ಅನ್ನುವ ಸಂಕೋಚ ದಯವಿಟ್ಟು ಬಿಡಿ.

ಮೀಟಿಂಗ್‌ನಲ್ಲಿ "ಹೂಂ ಸರ್" ಸಾಲದು

ನಮ್ಮ ಹುಡುಗರಲ್ಲಿ ಒಂದು ಅಭ್ಯಾಸ ಇದೆ. ಸರ್ ಹೇಳಿದ್ದಕ್ಕೆಲ್ಲ ತಲೆ ಆಡಿಸಿ ಹೊರಗೆ ಬಂದು ಪಕ್ಕದವರನ್ನು "ಸರ್ ಏನು ಹೇಳಿದ್ರು?" ಅಂತ ಕೇಳುವುದು. ಗೌರವದಿಂದಲೇ ಹಾಗೆ ಮಾಡುತ್ತಾರೆ, ಇಂಗ್ಲಿಷ್ ಭಯವೂ ಸೇರಿರುತ್ತದೆ. ಆದರೆ ಗೈಡ್‌ಗೆ ನಿಮಗೇನು ಅರ್ಥವಾಗಿಲ್ಲ ಅಂತ ಗೊತ್ತಾಗದಿದ್ದರೆ ಅವರು ಹೇಗೆ ಕಲಿಸಬೇಕು? ಎದ್ದು ಬರುವ ಮುಂಚೆ "ಸರ್, ನನಗೆ ಅರ್ಥವಾಗಿದ್ದು ಇಷ್ಟು, ಮುಂದಿನ ವಾರ ಈ ಎರಡು ರಿಯಾಕ್ಷನ್ ಹಾಕ್ತೀನಿ, ಸರಿನಾ?" ಅಂತ ನಿಮ್ಮ ಮಾತಲ್ಲಿ ಹೇಳಿ. ತಡವರಿಸಿದರೂ ಪರವಾಗಿಲ್ಲ. ಸಂಜೆ ಅದನ್ನೇ ಮೂರು ಸಾಲು ಮೇಲ್ ಮಾಡಿ. ಆರು ತಿಂಗಳಾದ ಮೇಲೆ "ನಾನು ಹಾಗೆ ಹೇಳೇ ಇಲ್ಲ" ಅನ್ನುವ ಮಾತು ಬಂದಾಗ ಆ ಮೇಲ್ ಇಬ್ಬರಿಗೂ ಉಪಯೋಗಕ್ಕೆ ಬರುತ್ತದೆ.

ವಾರದ ಭೇಟಿಗೆ ಒಂದು ಪುಟ ತಯಾರಿ ಮಾಡಿಕೊಂಡು ಹೋಗಿ. ಏನು ಮಾಡಿದಿರಿ, ಏನಾಯಿತು, ನಿಮಗೆ ಏನನ್ನಿಸುತ್ತದೆ, ಮುಂದೇನು. ಇದರಲ್ಲಿ ಮೂರನೆಯದನ್ನು ಬಹಳ ಜನ ಖಾಲಿ ಬಿಡುತ್ತಾರೆ, ಅದೇ ಮುಖ್ಯ. ಕೆಟ್ಟ ರಿಸಲ್ಟನ್ನೂ ತಗೊಂಡು ಹೋಗಿ. "ಆಗಲಿಲ್ಲ ಸರ್" ಅಂದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. "24 ಗಂಟೆ ಆದರೂ ಸ್ಟಾರ್ಟಿಂಗ್ ಮೆಟೀರಿಯಲ್ ಹಾಗೇ ಇತ್ತು, 80 ಡಿಗ್ರಿಗೆ ಬಿಸಿ ಮಾಡಿದಾಗ ಟಿಎಲ್‌ಸಿಯಲ್ಲಿ ಬರೀ ಗೆರೆ ಎಳೆದ ಹಾಗೆ ಬಂತು, ಪ್ಲೇಟಿನ ಫೋಟೋ ಇಲ್ಲಿದೆ" ಅಂದರೆ ಮಾತಾಡಲು ಏನೋ ಸಿಗುತ್ತದೆ. ಇದಕ್ಕೆಲ್ಲ ಲ್ಯಾಬ್ ನೋಟ್‌ಬುಕ್ ಆವತ್ತಿನದನ್ನು ಆವತ್ತೇ ಬರೆದಿರಬೇಕು, ಬಾಟಲಿಯ ಬ್ಯಾಚ್ ನಂಬರ್ ಸಮೇತ.

ಒಬ್ಬರೇ ಗುರು ಅಂತ ಕೂರಬೇಡಿ

ಎಷ್ಟೇ ಒಳ್ಳೆಯ ಗೈಡ್ ಆದರೂ ಅವರಿಗೆ ಎಲ್ಲವೂ ಬರುವುದಿಲ್ಲ, ಎಲ್ಲದಕ್ಕೂ ಸಮಯವೂ ಇರುವುದಿಲ್ಲ. ನಿಮ್ಮ ಸಲಹಾ ಸಮಿತಿಯಲ್ಲಿರುವ ಬೇರೆ ಪ್ರೊಫೆಸರ್‌ಗಳನ್ನು ಸೆಮಿಸ್ಟರ್‌ಗೊಮ್ಮೆ ಪ್ರೆಸೆಂಟೇಷನ್ ದಿನ ಮಾತ್ರ ನೋಡುವ ಬದಲು ನಡುವೆ ಒಮ್ಮೆ ಹೋಗಿ ಹತ್ತು ನಿಮಿಷ ಮಾತಾಡಿ. ಎನ್‌ಎಂಆರ್, ಎಕ್ಸ್‌ರೇ ಉಪಕರಣ ನೋಡಿಕೊಳ್ಳುವವರು, ಸ್ಟೋರ್‌ನವರು, ಗಾಜಿನ ಕೆಲಸದವರು, ಇವರೆಲ್ಲ ಎಷ್ಟೋ ಬ್ಯಾಚ್‌ಗಳನ್ನು ಕಂಡವರು. ಅವರನ್ನು ಗೌರವದಿಂದ ಮಾತಾಡಿಸಿ. ಸ್ಯಾಂಪಲ್ ಕೊಟ್ಟು ಓಡಿ ಬರದೆ ಕೂತು ನೋಡಿದರೆ, ಯಾವ ಸ್ಯಾಂಪಲ್ ಹೇಗೆ ತಯಾರು ಮಾಡಬೇಕು ಅಂತ ಅವರೇ ಹೇಳಿಕೊಡುತ್ತಾರೆ.

ಸಂಬಂಧ ಹದಗೆಡುವುದೂ ಉಂಟು. ಬೈಗುಳ ದಿನನಿತ್ಯದ್ದಾದರೆ, ನಿಮ್ಮ ಕೆಲಸಕ್ಕೆ ಬೇರೆಯವರ ಹೆಸರು ಹಾಕಿದರೆ, ಮನೆಗೆಲಸ ಹೇಳಿದರೆ, ಅದನ್ನು ಗುರುಸೇವೆ ಅಂತ ಸಹಿಸಬೇಡಿ. ತಾರೀಖು ಹಾಕಿ ಬರೆದಿಟ್ಟುಕೊಳ್ಳಿ, ಸಮಿತಿಯಲ್ಲಿ ನಂಬಿಕೆ ಇರುವ ಒಬ್ಬರ ಹತ್ತಿರ ಹೇಳಿ. ಗೈಡ್ ಬದಲಾಯಿಸಲು ಸಾಧ್ಯ ಇದೆ, ಮೊದಲ ಅಥವಾ ಎರಡನೇ ವರ್ಷದಲ್ಲೇ ಕೇಳಿದರೆ ಆಗುವ ನಷ್ಟ ಕಡಿಮೆ. ಲೈಂಗಿಕ ಕಿರುಕುಳಕ್ಕೆ ಪ್ರತಿ ಸಂಸ್ಥೆಯಲ್ಲೂ ಆಂತರಿಕ ಸಮಿತಿ ಇರಲೇಬೇಕು ಅಂತ ಕಾನೂನೇ ಇದೆ. ಮನಸ್ಸು ತುಂಬಾ ಕುಗ್ಗಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಮನೆಯವರಿಗೂ ಹೇಳಿ. "ಅವರಿಗೆ ಇದೆಲ್ಲ ಅರ್ಥ ಆಗಲ್ಲ" ಅಂತ ನಾವೇ ತೀರ್ಮಾನ ಮಾಡಿಬಿಡುತ್ತೇವೆ, ರಿಯಾಕ್ಷನ್ ಅರ್ಥವಾಗದಿದ್ದರೂ ಮಗಳು ಊಟ ಬಿಟ್ಟಿದ್ದಾಳೆ ಅನ್ನುವುದು ಅವರಿಗೆ ಅರ್ಥವಾಗುತ್ತದೆ.

ಎರಡನೇ ಬೇಸಿಗೆಯ ಹೊತ್ತಿಗೆ ನಿಮ್ಮ ಬೆಂಚಿಗೂ ಒಬ್ಬ ಸಮ್ಮರ್ ಸ್ಟೂಡೆಂಟ್ ಬರಬಹುದು. ಬಾಟಲಿ ತೊಳೆಯಲು ಒಬ್ಬರು ಸಿಕ್ಕರು ಅಂದುಕೊಳ್ಳಬೇಡಿ. ಎರಡು ತಿಂಗಳಲ್ಲಿ ಮುಗಿಯುವ ಒಂದು ಸಣ್ಣ ಪ್ರಶ್ನೆ ಕೊಡಿ, ಮೊದಲ ಕಾಲಮ್ ಅವರ ಜೊತೆ ನಿಂತು ಹಾಕಿಸಿ. ಹೇಳಿಕೊಡುವಾಗ ನಿಮಗೇ ಯಾವುದು ಸರಿಯಾಗಿ ಗೊತ್ತಿಲ್ಲ ಅಂತ ಗೊತ್ತಾಗುತ್ತದೆ.

ಇನ್ನೊಂದು ಕೆಲಸವನ್ನು ಬಹಳ ಜನ ಕೊನೆಗೆ ನೆನಪಿಸಿಕೊಂಡು ಒದ್ದಾಡುತ್ತಾರೆ. ಪೋಸ್ಟ್‌ಡಾಕ್‌ಗೋ ಕೆಲಸಕ್ಕೋ ಅರ್ಜಿ ಹಾಕುವಾಗ ಸಾಮಾನ್ಯವಾಗಿ ಮೂವರ ಶಿಫಾರಸು ಪತ್ರ ಕೇಳುತ್ತಾರೆ. ಒಂದು ಗೈಡ್‌ದು. ಉಳಿದ ಎರಡು ಯಾರದ್ದು ಅಂತ ಮೂರನೇ ವರ್ಷದಲ್ಲೇ ಮನಸ್ಸಿನಲ್ಲಿರಲಿ. ಅವರಿಗೆ ವರ್ಷಕ್ಕೊಮ್ಮೆಯಾದರೂ ನಿಮ್ಮ ಕೆಲಸ ತೋರಿಸಿ, ಪೇಪರ್ ಬಂದಾಗ ಕಳಿಸಿ, ಅವರ ಗ್ರೂಪ್ ಸೆಮಿನಾರ್‌ಗೆ ಹೋಗಿ ಒಂದು ಪ್ರಶ್ನೆ ಕೇಳಿ. ಪತ್ರ ಬೇಕಾದಾಗ ಕೊನೇ ದಿನಾಂಕಕ್ಕೆ ಒಂದು ತಿಂಗಳ ಮುಂಚೆ ಕೇಳಿ, ಜೊತೆಗೆ ಸಿವಿ ಮತ್ತು ನೀವು ಮಾಡಿದ ಕೆಲಸದ ಅರ್ಧ ಪುಟದ ಸಾರಾಂಶ ಕೊಡಿ.